ಇಣುಕಬಾರದ ಗುಂಡಿ

ಬೇರೆಯವರ ಬಬೈ ಗುಂಡಿಗೆ ಇಣುಕುವುದು ಈ ದ್ವೀಪದಲ್ಲಿ ಕಳ್ಳತನಕ್ಕಿಂತ ಕೀಳು. ನೆಲದಡಿಯ ಸಿಹಿನೀರು ಒಸರುವಷ್ಟು ಆಳ ತೋಡಿ ನೆಟ್ಟ ಬಬೈ ಎಂಬ ಆ ದೊಡ್ಡ ಕೆಸುವಿನ ಗೆಡ್ಡೆಯನ್ನು ವರ್ಷಗಟ್ಟಲೆ ಕೀಳದೆ ಬಿಡಬೇಕು. ಯಾರದು ಎಷ್ಟು ದಪ್ಪ ಎಂಬುದು ಮದುವೆಯೂಟದ ದಿನವೇ ಊರಿಗೆ ತಿಳಿಯಬೇಕು. ಟಬೇರಾ ಮುದುಕಿ ಮೊಮ್ಮಗನ ಮದುವೆಗೆಂದು ಅವನು ಹುಟ್ಟಿದಾಗಿನಿಂದ ಒಂದನ್ನು ಸಾಕಿದ್ದಳು. ಎರಡು ವರ್ಷದಿಂದ ಅದರ ಎಲೆ ಹಳದಿ. ಕಡಲು ಉಕ್ಕಿ ಗುಂಡಿಗೆ ಉಪ್ಪು ಹೊಕ್ಕಿತ್ತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾನ ಉಳಿಯುತ್ತದೆಯೇ?

ಈಗ ಅವಳ ತಂಗಿಯ ಮಗ ಕೌಟು, ಹಣಕಾಸು ಇಲಾಖೆಯವನು, ರಾಜಧಾನಿ ತರಾವಾದಿಂದ ಬಂದು ಊರ ಚಾವಡಿಯಲ್ಲಿ ಕೂತಿದ್ದ. ಹಿಂದೆ ಫಾಸ್ಫೇಟ್ ಅಗೆದು ಮಾರಿದ ಹಣವನ್ನು ಸರ್ಕಾರ ಹೊರದೇಶದ ಷೇರುಗಳಲ್ಲಿ ಹಾಕಿಟ್ಟಿದೆಯಲ್ಲ, ಆ ನಿಧಿಯ ವಿಷಯ ಹೇಳಲು.

"ಆ ನಿಧಿ ನಮ್ಮೆಲ್ಲರ ಬಬೈ ಗುಂಡಿ ಇದ್ದಂಗೆ. ಹಸಿವಾಯ್ತು ಅಂತ ಕಿತ್ಬಿಟ್ರೆ ಮೊಮ್ಮಕ್ಕಳಿಗೇನು ಉಳಿಯುತ್ತೆ?"

"ಕಡಲಿಗೆ ಅಡ್ಡ ಒಂದು ಗೋಡೆ ಕಟ್ಸೋಕಾದ್ರೂ ತೆಗೀರೋ," ಎಂದಳು ಟಬೇರಾ.

"ಈ ವರ್ಷ ತೆಗೆಯೋ ಪಾಲು ಪಕ್ಕದ ದ್ವೀಪಕ್ಕೆ ಹೋಯ್ತು ದೊಡ್ಡಮ್ಮ, ಅವ್ರು ಗುಂಡಿಗೆ ಉಪ್ಪು ಹೊಕ್ಕಿದೆ ಅಂತ ಹೇಳಿದ್ರು. ಹೋದ ವರ್ಷ ನಾನೇ ಮನೆಮನೆಗೂ ಬಂದು ಗುಂಡಿ ಹೆಂಗಿದೆ ಅಂತ ಕೇಳಿದ್ನಲ್ಲ? ಎಲ್ರೂ ಚೆನ್ನಾಗಿದೆ ಅಂದ್ರಿ. ನೀನಂತೂ 'ಇಣುಕ್ತೀಯೇನೋ ಹಲ್ಕಾ' ಅಂತ ಪೊರಕೆ ಎತ್ಕೊಂಡೆ."

ಎಲ್ಲರೂ ನಕ್ಕರು. ಟಬೇರಾ ನಗಲಿಲ್ಲ, ಎದ್ದಳು.

"ಬಾ, ಇವತ್ತು ಇಣುಕು. ಎಲ್ರೂ ಬನ್ನಿ."

ಹೀಗೆ ಇಲ್ಲಿ ಯಾರೂ ಯಾರನ್ನೂ ಕರೆದದ್ದಿಲ್ಲ. ಊರು ಗುಂಡಿಯ ಅಂಚಿನಲ್ಲಿ ನಿಂತು ಹಳದಿ ಎಲೆ ನೋಡಿತು. ಒಬ್ಬ ಮುದುಕ ಮೆಲ್ಲಗೆ, "ನಂದೂ ಹಿಂಗೇ ಆಗಿದೆ," ಎಂದ. ಅವನ ಪಕ್ಕದವಳು, "ನಮ್ದೂ," ಎಂದಳು. ತಮ್ಮದೊಂದೇ ಕೆಟ್ಟಿದೆಯೆಂದು ಪ್ರತಿಯೊಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹಾಳು ಮಾನ! ಅದನ್ನು ಕಟ್ಟಿಕೊಂಡು ಊರಿಗೆ ಊರೇ ಕೆಟ್ಟಿತು.

ಕೌಟು ಜೇಬಿನಿಂದ ಪೆನ್ನು ತೆಗೆದ. "ಇಲಾಖೆಗೆ ಈಗ್ಲೇ ಬರೀತೀನಿ. ಆದ್ರೆ ಗೋಡೆ ಏಳೋಕೆ ನಾಲ್ಕೈದು ವರ್ಷ ಆಗುತ್ತೆ."

ಟಬೇರಾ ಕೆಸರಿಗಿಳಿದು ಗೆಡ್ಡೆಗೆ ಕೈ ಹಾಕಿದಳು. ಅದು ಕೊಳೆತ ಹಣ್ಣಿನಂತೆ ಬೆರಳುಗಳ ನಡುವೆ ಕುಸಿಯಿತು. ಅವಳಿಗೆ ಅಳು ಒತ್ತರಿಸಿ ಬಂತು.

"ನಿಧಿಗೇನೂ ಆಗಿಲ್ಲ ದೊಡ್ಡಮ್ಮ," ಎಂದು ಕೌಟು ಸಮಾಧಾನ ಹೇಳಿದ. "ನಿನ್ನ ಮೊಮ್ಮಗನ ಪಾಲು ಭದ್ರವಾಗಿದೆ."

"ಇರ್ಲಿ ಕಣೋ. ಅವನು ಎಲ್ಲಿ ನಿಂತ್ಕೊಂಡು ಅದನ್ನ ಈಸ್ಕೋತಾನೆ?"

ಕೌಟು ಮೇಲೆ ಬಾ ಎಂದು ಕೈ ಚಾಚಿದ. ಅವಳು ಉಪ್ಪುನೀರಿನಲ್ಲೇ ನಿಂತಿದ್ದಳು.