ಮೂವರಿಗೂ ಬೇಕಾದವನು

ಕಂಪ್ಯೂಟರ್ ವಿದ್ಯೆ ನನ್ನ ತಲೆಗೆ ಹತ್ತಲಿಲ್ಲ. ಕಾಲಿಗೆ ಹತ್ತಿತು. ಹೊತ್ತೊಯ್ತಿದ್ದ ಕಂಪ್ಯೂಟರೇ ಟ್ರಾಲಿಯಿಂದ ಜಾರಿ ಎಡಪಾದದ ಮೇಲೆ ಬಿತ್ತು. ಮೂಳೆ ಮುರಿದು, ಪಾದ ಊದಿ ಚಪ್ಪಲಿಗೂ ಹಿಡಿಸದ ಹಾಗಾಯ್ತು. ಬಕೆಟ್ ಬೋರಲು ಹಾಕಿ, ಅದರ ಮೇಲೆ ಕಾಲಿಟ್ಟುಕೊಂಡು ಮನೇಲಿ ಕೂತೆ, ದೊಡ್ಡ ಸಾಹುಕಾರನ ಹಾಗೆ.

ಕ್ಲೌಡ್, ಅಂದ್ರೆ ಮೋಡ ಅಂತಾರಲ್ಲ, ಅದು ಮೇಲೆ ಆಕಾಶದಲ್ಲಿರೋದಲ್ಲ. ನಮ್ಮ ಬೀದೀಲಿ ಕಿಟಕಿ ಇಲ್ಲದ ಮೂರು ಕಟ್ಟಡ ಇವೆ, ಮೂರು ಕಂಪನಿಯವು. ಒಳಗೆ ಸಾಲುಸಾಲು ಕಂಪ್ಯೂಟರ್. ಊರೂರಿನ ಜನರ ಫೋಟೊ, ಬ್ಯಾಂಕಿನ ಲೆಕ್ಕ ಎಲ್ಲಾ ಅದರೊಳಗೆ. ಮೂರೂ ಕಂಪನಿ ಒಪ್ಪಂದ ಮಾಡಿಕೊಂಡವು. ಒಬ್ಬರ ಮಷೀನಿಗೆ ಕೆಲಸ ಹೆಚ್ಚಾದ್ರೆ ಇನ್ನೊಬ್ಬರ ಮಷೀನು ಮಾಡೋದು. ಆ ಕೆಲಸ ತಂತೀಲಿ ಹೋಗುತ್ತೆ. ಮಷೀನು ಹೊರೋ ನಮ್ಮನ್ನೂ ಹಂಗೇ ಹಂಚಿಕೊಂಡರು. ನಾವು ನಡಕೊಂಡು ಹೋಗ್ತಿದ್ವಿ.

ಕೊರಳಿಗೆ ಮೂರು ಐಡಿ ಕಾರ್ಡು ಬಂದಾಗ ಎದೆ ಉಬ್ಬಿಸಿ ಮನೆಗೆ ಹೋಗಿದ್ದೆ. "ಮೂವರಿಗೂ ನಾನು ಬೇಕು ಕಣೇ."

"ಮೂರು ಮನೆ ನೆಂಟ ಉಪವಾಸ ಮಲಗಿದ್ದನಂತೆ," ಅಂದ್ಲು ಹೆಂಡತಿ. ಹೊಟ್ಟೆಕಿಚ್ಚು ಅಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಕಾಲು ಮುರಿದದ್ದು ಎರಡು ಕಟ್ಟಡಗಳ ನಡುವಿನ ರಸ್ತೇಲಿ. ಆಸ್ಪತ್ರೆ ಖರ್ಚು ಕೇಳೋಕೆ ಹೆಂಡತಿಯ ಹೆಗಲು ಹಿಡಿದು ಕುಂಟುತ್ತಾ ಮೊದಲ ಆಫೀಸಿಗೆ ಹೋದೆ.

"ಗೇಟು ದಾಟಿದ ಮೇಲೆ ನೀನು ನಮ್ಮವನಲ್ಲಪ್ಪ," ಅಂದರು.

ಎರಡನೇ ಕಡೆ, "ಒಳಗೇ ಬಂದಿರಲಿಲ್ವಲ್ಲ ನೀನು."

"ಮತ್ತೆ ಇವರು ರಸ್ತೇಲಿ ಗಾಳಿ ಸೇವನೆಗೆ ಹೋಗಿದ್ರಾ ಸಾರ್?" ಅಂದ್ಲು ಅವಳು.

ಮೂರನೆಯವರು ಒಳಗೇ ಬಿಡಲಿಲ್ಲ. ಬಿದ್ದ ಮಷೀನನ್ನ ಮಾತ್ರ ಅವತ್ತೇ ಕಂಬಳಿ ಸುತ್ತಿ ರಿಪೇರಿಗೆ ಕಳಿಸಿದ್ದರು.

ಏಸಿ ರಿಪೇರಿಯವನೂ ಕಸ ಗುಡಿಸೋ ಅಕ್ಕನೂ ನನ್ನ ನೋಡೋಕೆ ಬಂದರು. ಅವರೂ ಮೂರೂ ಕಡೆ ದುಡಿಯೋರೇ.

"ಕೆಲಸ ನಿಲ್ಲಿಸೋಣ," ಅಂದೆ ವೀರಾವೇಶದಲ್ಲಿ. ಮನೇಲಿ ಕೂತವನಿಗೆ ಹೇಳೋಕೇನು ಕಷ್ಟ?

"ಒಂದು ಕಡೆ ನಿಲ್ಲಿಸಿದ್ರೆ ಕೆಲಸಾನ ಇನ್ನೊಂದು ಕಡೆಗೆ ಸಾಗಿಸ್ತಾರೆ. ಒಪ್ಪಂದ ಇರೋದೇ ಅದಕ್ಕೆ," ಅಂದ ಏಸಿಯವನು.

ಅಕ್ಕ ಕಾಲುನೀಡಿ ಕೂತಳು. "ಮೂರೂ ಕಡೆ ನಿಲ್ಲಿಸಿದ್ರೆ ಎಲ್ಲಿಗೆ ಸಾಗಿಸ್ತಾರಪ್ಪ?"

ಏಸಿಯವನು ಬೆರಳು ಮಡಚಿ ಮೂರೂ ಕಡೆಯ ಜನರನ್ನ ಎಣಿಸತೊಡಗಿದ. ಮೊದಲಾದರೆ ಒಂದು ಕಟ್ಟಡದವರ ಮುಖ ಇನ್ನೊಂದರವರಿಗೆ ಗೊತ್ತಿರಲಿಲ್ಲ. ಹಂಚಿಕೊಂಡು ಹಂಚಿಕೊಂಡು ಧಣಿಗಳೇ ನಮಗೆಲ್ಲ ಪರಿಚಯ ಮಾಡಿಸಿದ್ದರು.

ಸೋಮವಾರ ಹೊರೋರು, ಗುಡಿಸೋರು, ಗೇಟು ಕಾಯೋರು, ಏಸಿಯೋರು ಎಲ್ಲರೂ ರಸ್ತೇಲಿ ಕೂತೆವು. ನನ್ನನ್ನ ಅದೇ ಟ್ರಾಲಿ ಮೇಲೆ ತಳ್ಳಿಕೊಂಡು ಬಂದರು. ಜನ್ಮದಲ್ಲಿ ಒಂದು ಮೆರವಣಿಗೆ ಆಯ್ತು. ಏಸಿ ನೋಡೋರಿಲ್ಲದೆ ಮಧ್ಯಾಹ್ನದ ಹೊತ್ತಿಗೆ ಒಳಗೆ ಮಷೀನುಗಳಿಗೆ ಕಾವೇರಿತು. ಮೂರೂ ಕಂಪನಿಯ ಮ್ಯಾನೇಜರುಗಳು ಬೆವರು ಒರೆಸಿಕೊಳ್ಳುತ್ತಾ ಒಟ್ಟಿಗೇ ಬಂದರು.

"ಯಾರು ಯಾವ ಕಂಪನಿಯವರು? ಬೇರೆ ಬೇರೆ ನಿಂತ್ಕೊಳ್ಳಿ," ಅಂದರು ಹಿರಿಯ ಮ್ಯಾನೇಜರು.

ಯಾರೂ ಅಲುಗಾಡಲಿಲ್ಲ.

"ಏನು ಬೇಕು ನಿಮಗೆ? ಯಾರಾದ್ರೂ ಒಬ್ಬರು ಎದ್ದು ಹೇಳಿ."

ಎಲ್ಲರೂ ನನ್ನ ಕಡೆ ನೋಡಿದರು. ಹಿಂದಿನ ದಿನವೆಲ್ಲ ಕನ್ನಡಿ ಮುಂದೆ ಉರು ಹೊಡೆದ ಭಾಷಣದ ಒಂದಕ್ಷರವೂ ನೆನಪಿಗೆ ಬರಲಿಲ್ಲ.

"ಎದ್ದು ನಿಲ್ಲೋಕಾಗಲ್ಲ ಸಾರ್," ಅಂದೆ. "ನೀವೇ ಕೂತ್ಕೊಳ್ಳಿ, ಮಾತಾಡೋಣ."

ಅವರು ಕುರ್ಚಿಗಾಗಿ ಆಚೀಚೆ ನೋಡಿದರು. ಕುರ್ಚಿ ತರೋರೆಲ್ಲ ನಮ್ಮ ಜೊತೆ ಕೂತಿದ್ದರು. ಸ್ವಲ್ಪ ಹೊತ್ತು ನೆಲದ ಧೂಳನ್ನೇ ನೋಡಿ, ಪ್ಯಾಂಟನ್ನ ಮೊಣಕಾಲ ಹತ್ತಿರ ಮೇಲಕ್ಕೆಳೆದುಕೊಂಡು, ಮೂವರೂ ಮೆಲ್ಲಗೆ ಕೂತರು.