ಕಿಟಕಿಗೆ ಬಿದ್ದ ತೆರಿಗೆ

ಮಳೆ ಹಿಡಿದರೆ ಮಾಳಿಗೆಯ ಬೆಳಕಿಂಡಿಯ ಮೇಲೆ ಚಪ್ಪಡಿ ಮುಚ್ಚಬೇಕು. ಮುಚ್ಚಿದರೆ ಒಲೆಯ ಹೊಗೆಯೆಲ್ಲ ಒಳಗೇ. ನಿಜಾಮರ ಕಾಲದ ಆ ವಾಡೆಯ ಗೋಡೆಗಳಿಗೆ ಒಂದು ಕಿಟಕಿಯೂ ಇರಲಿಲ್ಲ. ಅಫಜಲಪುರದ ಧರ್ಮಸಂಸ್ಥೆಯೊಂದು ದಿಕ್ಕಿಲ್ಲದ ಮುದುಕಿಯರನ್ನು ಅಲ್ಲಿ ಇಟ್ಟಿತ್ತು. ಅಡುಗೆಯ ರೇವಮ್ಮ ಕಣ್ಣೊರೆಸಿಕೊಳ್ಳುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ದಮ್ಮಿನ ನಿಂಬೆವ್ವ ಗೋಡೆಗೊರಗಿ ಕೂತು ಉಸಿರಿಗಾಗಿ ಬಾಯಿ ಬಿಡುತ್ತಿದ್ದಳು.

ಒಂದು ಜಡಿಮಳೆಗೆ ಹಿತ್ತಲ ಗೋಡೆ ಕುಸಿಯಿತು. ಗೌಂಡಿ ಕಲ್ಯಾಣಪ್ಪ ಕೂಲಿ ಕೇಳದೆ ಕಟ್ಟಿಕೊಟ್ಟ. ರೇವಮ್ಮನ ಮಾತಿಗೆ ಅದರಲ್ಲೊಂದು ಕಿಟಕಿ ಬಿಟ್ಟ. ಅಂದಿನಿಂದ ನಿಂಬೆವ್ವ ಮಲಗಿ ನಿದ್ದೆ ಮಾಡಿದಳು.

ಮುಂದೆ ತೆರಿಗೆಯ ಸಾಹೇಬ ಬಂದ. ಜೊತೆಗೆ ಸಂಸ್ಥೆಯ ಅಧ್ಯಕ್ಷ ದೌಲತರಾಯ. ನಿಂಬೆವ್ವ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ರೇವಮ್ಮ ಚಹಾ ಕೊಟ್ಟು, ಹಿಗ್ಗಿನಿಂದ, "ಕಿಟಕಿ ನೋಡ್ರಿ ಸಾಹೇಬ್ರ, ಹೊಸಾದು. ಮೊದಲ ಇರಲಿಲ್ರಿ" ಅಂದಳು.

ಸಾಹೇಬ ಕಪ್ಪು ಕೆಳಗಿಟ್ಟ. "ಹಳೇ ವಾಡೆ ಇದ್ದಂಗ ಕಟ್ಟಿದ್ರ ರಿಪೇರಿ, ಅದಕ್ಕ ಮಾಫಿ. ಕಿಟಕಿ ಇಟ್ರ ಬದಲಾವಣಿ. ತೆರಿಗಿ ಬೀಳತೈತಿ."

"ಧರ್ಮದ ಮನಿಗೂ ಏನ್ರಿ?"

"ಧರ್ಮ ಅಂತ ವರ್ಷದ ಮನಿಪಟ್ಟಿ ತೆರಿಗಿ ಬಿಟ್ಟೇವಲ್ಲ. ಇದು ಬ್ಯಾರೆ."

"ಮತ್ತ ಈ ಅಧ್ಯಕ್ಷ ಸಾವ್ಕಾರ್ರು ಇದ ವಾಡೇದ ಬೀದಿ ಕಡೆ ಗ್ವಾಡಿ ಒಡದು ತಮ್ಮ ಅಂಗಡಿ ಮಾಡ್ಯಾರಲ್ರಿ?"

ಸಾಹೇಬ ದೌಲತರಾಯನ ಮುಖ ನೋಡಿದ. "ಅದು ರಿಪೇರಿ."

"ಶೆಟರ್ ಹಚ್ಚಿದ ರಿಪೇರಿ!" ಮುದುಕಿ ಬಾಳಮ್ಮ ಕಿಸಕ್ಕನೆ ನಕ್ಕಳು.

ದೌಲತರಾಯ ಸಿಡುಕಿದ. "ತೆರಿಗಿಗೆ ರೊಕ್ಕ ಎಲ್ಲಿಂದ ತರ್ಲಿ? ಕಲ್ಯಾಣಪ್ಪನ್ನ ಕರಸ್ತೇನಿ. ಮುಚ್ಚಿಬಿಡ್ಲಿ."

ಕಲ್ಯಾಣಪ್ಪ ಬಂದ. ವಿಷಯ ಕೇಳಿ ಹೊಸ್ತಿಲಲ್ಲೇ ನಿಂತ. "ನನ್ನ ಕೈಲೆ ಆಗಂಗಿಲ್ರಿ."

"ನೀ ಅಲ್ಲಂದ್ರ ಇನ್ನೊಬ್ಬ ಬರ್ತಾನಲೇ" ಅಂದ ದೌಲತರಾಯ.

ರೇವಮ್ಮ ಕಿಟಕಿಗೆ ಬೆನ್ನು ಕೊಟ್ಟು ನಿಂತಳು. ಬಾಳಮ್ಮ ಕೋಲೂರುತ್ತ ಬಂದು ಪಕ್ಕದಲ್ಲಿ ನಿಂತಳು. ಉಳಿದ ಮುದುಕಿಯರೂ ಒಬ್ಬೊಬ್ಬರೇ ಎದ್ದು ಬಂದರು.

"ನಮ್ಮ ಸಂಜೀ ರೊಟ್ಟಿ ಬಿಡತೇವ್ರಿ" ಅಂದಳು ಬಾಳಮ್ಮ. "ಆ ಜ್ವಾಳದ ರೊಕ್ಕ ಕಟ್ರಿ. ಕಿಟಕಿ ಮಾತ್ರ ಮುಟ್ಟಬ್ಯಾಡ್ರಿ."

ಈಗಲಾದರೂ ಇವನಿಗೆ ನಾಚಿಕೆಯಾದೀತು ಎಂದು ರೇವಮ್ಮ ಕಾದಳು. ದೌಲತರಾಯ ಸ್ವಲ್ಪ ಯೋಚಿಸಿ, "ಹಂಗಾದ್ರ ಆತು" ಅಂದು ಚಪ್ಪಲಿ ಮೆಟ್ಟಿಕೊಂಡ.

ಸಂಜೆ ಒಲೆ ಹೊತ್ತಲಿಲ್ಲ. ಅಂಗಳದಲ್ಲಿ ಕೂತು ಇದೇನೂ ಕೇಳದಿದ್ದ ನಿಂಬೆವ್ವನಿಗೆ ಯಾರೂ ಹೇಳಲಿಲ್ಲ. ರೇವಮ್ಮ ತಾನು ಬೆಳಿಗ್ಗೆ ಉಳಿಸಿದ್ದ ಅರ್ಧ ರೊಟ್ಟಿಯನ್ನು ನೀರಲ್ಲಿ ನೆನೆಸಿ ಅವಳಿಗೆ ಉಣಿಸಿದಳು.

"ಇವತ್ತ ರೊಟ್ಟಿ ಸುಡೂ ವಾಸನೀನ ಬರವಲ್ದಲ್ಲ ಬೇ?" ಅಂದಳು ಮುದುಕಿ.

"ಕಿಟಕಿ ಐತೆಲ್ಲ ಯವ್ವಾ" ಅಂದಳು ರೇವಮ್ಮ. "ಗಾಳಿ ಹೊರಗ ಒಯ್ದಿರಬೇಕು."