ಡೋಲಿಲ್ಲದ ಮೆರವಣಿಗೆ

ಆಫ್ರಿಕದ ಕರಾವಳಿಯ ನಮ್ಮ ಕೇರಿ ಬುಕೋಮಿನಲ್ಲಿ ಬಾಕ್ಸಿಂಗ್ ಅಂದರೆ ಕಡಲ ಗಾಳಿಯ ಹಾಗೆ. ಎಲ್ಲರಿಗೂ ಬೇಕು, ಅದಕ್ಕೆ ದುಡ್ಡು ಕೊಡಬೇಕೆಂಬುದು ಮಾತ್ರ ಯಾರ ತಲೆಗೂ ಹೊಳೆಯುವುದಿಲ್ಲ. ಮೀನು ಮಾರುವ ಹೆಂಗಸು ಕೂಡ ಬುಟ್ಟಿ ಕೆಳಗಿಳಿಸದೆ, ಎಡಗೈ ಗುದ್ದು ಸರಿಯಾಗಿ ಬಿತ್ತೋ ಜಾರಿತೋ ಹೇಳಬಲ್ಲಳು. ಬಾಗಿಲಲ್ಲಿ ಟಿಕೆಟ್ ಕೇಳಿದರೆ ಅದೇ ಹೆಂಗಸು, "ಇವ್ನಿಗೆ ಹೆಸ್ರಿಟ್ಟ ದಿನ ಎತ್ಕೊಂಡು ನಿಂತಿದ್ದೋಳು ನಾನು, ನಂಗೇ ಟಿಕೆಟ್ಟಾ?" ಅನ್ನುತ್ತಾಳೆ.

ನಾನು ಹೊರದೇಶಗಳಲ್ಲಿ ಗುದ್ದಾಡಿ ಬಂದವನು. ಲೇಗೋಸಿನಲ್ಲಿ ಜನ ಜಗಳವಾಡಿಯಾದರೂ ಟಿಕೆಟ್ ಕೊಳ್ಳುತ್ತಾರೆ. ಟೋಕಿಯೊದಲ್ಲಿ ದುಡ್ಡು ಕೊಟ್ಟು ಬಂದು ದೇವರ ಮುಂದೆ ಕೂತ ಹಾಗೆ ಕೂರುತ್ತಾರೆ. ಅಲ್ಲಿ ನಾನು ಬಿದ್ದಾಗ ಬೆನ್ನು ಹಲಗೆಗೆ ತಾಗಿದ ಸದ್ದು ನನಗೇ ಕೇಳಿಸಿತ್ತು. ಹ್ಯಾಂಬರ್ಗಿನಲ್ಲಿ ರಿಂಗಿನ ಸುತ್ತ ಮೇಜು ಹಾಕಿಸಿ, ಬಿಯರ್ ಇಟ್ಟುಕೊಂಡು ಕೋಟಿನವರು ನೋಡುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ಗುದ್ದು ಯಾವುದು, ತಳ್ಳಿದ್ದು ಯಾವುದು ಗೊತ್ತಾಗುವುದಿಲ್ಲ. ಆದರೂ ಅಂಥ ಒಂದು ಮೇಜಿಗೆ ಕೊಡುವ ದುಡ್ಡಲ್ಲಿ ನಮ್ಮ ಗರಡಿಗೆ ಹೊಸ ತಗಡು ಹೊದಿಸಬಹುದಿತ್ತು. ತಿಳಿಯದವರ ಊರಲ್ಲಿ ದುಡ್ಡು, ತಿಳಿದವರ ಊರಲ್ಲಿ ಬರೀ ಗದ್ದಲ. ಇದು ಯಾಕೆ ಹೀಗೆ ಎಂದು ಯೋಚಿಸಿಯೇ ನನಗೆ ವಯಸ್ಸಾಯಿತು.

ಒಡಾರ್ಟೆ ನನ್ನ ತಂಗಿಯ ಮೊಮ್ಮಗ. ನಮ್ಮ ಗರಡಿಯಲ್ಲೇ ಬೆಳೆದವನು. ಅವನ ಎಡಗೈಯಂಥ ಎಡಗೈಯನ್ನು ನಾನು ಇನ್ನೊಬ್ಬನಲ್ಲಿ ನೋಡಿಲ್ಲ. ಹ್ಯಾಂಬರ್ಗಿನಿಂದ ಅವನಿಗೂ ಕರೆ ಬಂದಿತ್ತು. ಅಲ್ಲಿಯವರು ನಮ್ಮ ಹುಡುಗರನ್ನು ಕರೆಸುವುದು ಗೆಲ್ಲಲಿ ಎಂದಲ್ಲ. ಅವರ ಹುಡುಗನಿಗೆ ಒಂದು ಗೆಲುವು ಬೇಕು, ಅದಕ್ಕೆ ಬೀಳುವವನೊಬ್ಬ ಬೇಕು. ಒಮ್ಮೆ ಹಾಗೆ ಹೋದವನನ್ನು ಮತ್ತೆ ಕರೆಸುವುದೂ ಬೀಳುವುದಕ್ಕೇ. ನನ್ನನ್ನು ಕಡೆತನಕ ಕರೆಸಿದ್ದು ಹಾಗೆಯೇ. ಆಫ್ರಿಕದ ಪಟ್ಟವನ್ನು ಊರಲ್ಲೇ ಗೆದ್ದು ಹೋದರೆ ಮಾತು ಬೇರೆ. ಪಟ್ಟ ಇದ್ದವನನ್ನು ಸಮಾನನ ಹಾಗೆ ಕೂರಿಸಿ ಮಾತಾಡಿಸುತ್ತಾರೆ. ಒಡಾರ್ಟೆ ಹೋಗುವುದಾದರೆ ಹಾಗೆ ಹೋಗಲಿ ಅನ್ನುವುದೊಂದೇ ನನ್ನ ಹಟ.

ಆ ಪಟ್ಟದ ಕಾಳಗಕ್ಕೆ ಏರ್ಪಾಡು ಮಾಡಿದವನು ಕ್ವಿಸ್ಟ್. ನಮ್ಮವನೇ, ಆದರೆ ಲಂಡನ್ನಿನಲ್ಲಿ ಬೆಳೆದವನು. ದಾರ್ ಎಸ್ ಸಲಾಮಿನಿಂದ ಹಮಿಸಿ ಎಂಬ ಬಾಕ್ಸರನನ್ನು ಒಪ್ಪಿಸಿದ. ಹಮಿಸಿಯ ಮ್ಯಾನೇಜರ್ ಹಾಕಿದ ಕಟ್ಟಳೆ ಒಂದೇ: ಅರ್ಧ ದುಡ್ಡು ಮೊದಲು, ಉಳಿದರ್ಧ ರಿಂಗು ಹತ್ತುವ ಮುಂಚೆ. ಆ ಉಳಿದರ್ಧ ಬಾಗಿಲ ಟಿಕೆಟ್ಟಿನಿಂದಲೇ ಹುಟ್ಟಬೇಕಿತ್ತು.

ಕ್ವಿಸ್ಟ್ ಯಾರನ್ನೂ ಕೇಳದೆ ದಿನ ಗೊತ್ತು ಮಾಡಿಬಿಟ್ಟಿದ್ದ. ಅದು ಬಂದು ಬಿದ್ದದ್ದು ನಮ್ಮ ಮೌನದ ತಿಂಗಳಲ್ಲಿ. ಪೂಜಾರಿಗಳು ಹಬ್ಬದ ಸಿರಿಧಾನ್ಯ ಬಿತ್ತಿದ ಮೇಲೆ ತಿಂಗಳೊಪ್ಪತ್ತು ಊರಲ್ಲಿ ಡೋಲು ಬಡಿಯುವಂತಿಲ್ಲ, ಚಪ್ಪಾಳೆಯಿಲ್ಲ, ಬೀದಿಯಲ್ಲಿ ಗಟ್ಟಿ ದನಿಯಿಲ್ಲ. ಸದ್ದಾದರೆ ಮೊಳಕೆ ಬೆದರುತ್ತದೆ.

"ಈಗೇನ್ ಮಾಡೋದು ಅಟಾ?" ಎಂದು ಕ್ವಿಸ್ಟ್ ಗರಡಿಗೆ ಓಡಿಬಂದ. ಇಲ್ಲಿ ಹಿರಿಯ ಗಂಡಸರನ್ನು ಎಲ್ಲರೂ ಅಟಾ, ಹಿರಿಯ ಹೆಂಗಸರನ್ನು ಆವೋ ಅನ್ನುತ್ತಾರೆ.

ಗರಡಿಯ ಬಾಗಿಲಲ್ಲಿ ಕೆಂಕೆ ಮಾರುವ ಆವೋ ಶೋರ್ಮೆ, ಮೆಕ್ಕೆಜೋಳದ ಹುಳಿಹಿಟ್ಟಿನ ಉಂಡೆಗಳನ್ನು ಎಲೆಯಲ್ಲಿ ಸುತ್ತುತ್ತಲೇ ನಕ್ಕಳು. "ಲಂಡನ್ನಲ್ಲಿ ಮೊಳಕೆ ಕಿವುಡಾ ಮಗಾ?"

ಪೂಜಾರಿಯ ಹತ್ತಿರ ನಾನೇ ಹೋದೆ. ಅವರು, "ಗೋಡೆಯೊಳಗೆ ಹೊಡೆದಾಡಿಕೊಳ್ಳಿ. ಗಂಟೆಗೆ ಬಟ್ಟೆ ಸುತ್ತಿ. ಡೋಲು ಮಾತ್ರ ಬೇಡ," ಅಂದರು.

ಆ ಮಾತು ಕೇಳಿ ಬರುವಾಗ ದಾರಿಯಲ್ಲಿ ನನಗೆ ಆಸೆ ಹುಟ್ಟಿತು. ಯಾಕೆಂದರೆ ನಮ್ಮಲ್ಲಿ ಬಾಕ್ಸರನು ಕಾಳಗಕ್ಕೆ ಹೊರಡುವುದು ಹಿರೀಮನೆಯಿಂದ, ಡೋಲಿನ ಹಿಂದೆ. ಕೇರಿಗೆ ಕೇರಿಯೇ ಅವನ ಬೆನ್ನಿಗೆ ಹೊರಡುತ್ತದೆ. ಅವನಿಗೆ ತೆರೆದ ಬಾಗಿಲು ಬೆನ್ನಿಗಿದ್ದವರಿಗೆಲ್ಲ ತೆರೆದಂತೆ. ನಡುವೆ ಕೈ ಅಡ್ಡ ಹಾಕಿ ಆ ಸಾಲನ್ನು ಕತ್ತರಿಸಿದರೆ ಅವನು ಸೋಲುತ್ತಾನೆಂದು ನಂಬಿಕೆ. ಎಷ್ಟು ಏರ್ಪಾಡುಗಾರರು ಇದರಲ್ಲೇ ಮುಳುಗಿದ್ದಾರೋ ದೇವರಿಗೇ ಗೊತ್ತು. ಡೋಲಿಲ್ಲ ಅಂದರೆ ಮೆರವಣಿಗೆಯಿಲ್ಲ, ಮೆರವಣಿಗೆ ಇಲ್ಲ ಅಂದರೆ ಈ ಸಲವಾದರೂ ಟಿಕೆಟ್ ಕೊಳ್ಳುತ್ತಾರೆ ಅಂದುಕೊಂಡೆ.

ಕಾಳಗದ ಸಂಜೆ ಹಿರೀಮನೆಯಲ್ಲಿ ಒಡಾರ್ಟೆಯ ಕೈಗೆ ನಾನೇ ಪಟ್ಟಿ ಸುತ್ತಿದೆ. ಕ್ವಿಸ್ಟ್ ಕಾರು ತಂದು ನಿಲ್ಲಿಸಿದ್ದ. ಹೊರಗೆ ಸದ್ದಿರಲಿಲ್ಲ. ಬಾಗಿಲು ತೆರೆದರೆ ಓಣಿ ತುಂಬ ಜನ. ಮೀನುಗಾರರು, ಮುದುಕಿಯರು, ಕೂಸು ಬೆನ್ನಿಗೆ ಕಟ್ಟಿಕೊಂಡವರು. ಚಪ್ಪಲಿ ಸದ್ದಾದೀತೆಂದು ಕಳಚಿ ಕೈಯಲ್ಲಿ ಹಿಡಿದಿದ್ದರು.

"ಕಾರು ಹತ್ತಪ್ಪಾ," ಅಂದೆ ಮೆಲ್ಲಗೆ.

"ಕಾರಲ್ಲಿ ಹೋದ್ರೆ ಹೆದರ್ಕೊಂಡು ಓಡ್ದ ಅಂತಾರೆ, ಅಟಾ."

"ನಡ್ಕೊಂಡು ಹೋದ್ರೆ ಇವ್ರೆಲ್ಲಾ ಹಿಂದೆ ಬರ್ತಾರೆ."

"ಬರ್ಲಿ ಬಿಡಿ. ನಮ್ ಜನ ಅಲ್ವಾ?"

ಅವನು ನಡೆದ. ಅವರು ಹಿಂದೆ ನಡೆದರು. ನೂರಾರು ಬರಿಗಾಲುಗಳು ಮಣ್ಣಿನ ಮೇಲೆ ಸರಿಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಅಷ್ಟು ಚೆಂದದ ಮೆರವಣಿಗೆಯನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಹೆಜ್ಜೆ ಹೆಜ್ಜೆಗೂ ಕೈತಪ್ಪಿದ ಟಿಕೆಟ್ಟುಗಳನ್ನು ಎಣಿಸಿದೆ.

ಕಾಳಗಕ್ಕೆ ಗೊತ್ತು ಮಾಡಿದ್ದ, ಗೋಡೆ ಸುತ್ತಿದ ಬಯಲಿನ ಬಾಗಿಲಲ್ಲಿ ಕ್ವಿಸ್ಟ್ ಎರಡೂ ಕೈ ಚಾಚಿ ನಿಂತ. ಕೂಗುವಂತಿರಲಿಲ್ಲವಲ್ಲ, ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಿತು.

"ಟಿಕೆಟ್, ಟಿಕೆಟ್," ಎಂದು ಪಿಸುಗುಟ್ಟಿದ.

"ಕೈ ತೆಗಿ," ಎಂದು ಆವೋ ಶೋರ್ಮೆ ಪಿಸುಗುಟ್ಟಿದಳು. "ಹುಡುಗನ್ನ ಸೋಲಿಸ್ಬೇಕು ಅಂತಾನೇ ಲಂಡನ್ನಿಂದ ಬಂದ್ಯಾ?"

"ಆವೋ, ದುಡ್ಡಿಲ್ದಿದ್ರೆ ಕಾಳಗಾನೇ ಇಲ್ಲ."

"ದುಡ್ಡು ಗುದ್ದುತ್ತಾ? ಕೈ ಗುದ್ದೋದು. ಸರ್ಕೋ."

ಬಾಗಿಲು ಕಾಯಲು ಇಟ್ಟಿದ್ದವರೂ ನಮ್ಮ ಕೇರಿಯವರೇ. ಅವರು ತಲೆ ತಗ್ಗಿಸಿ ಸರಿದು, ಆಮೇಲೆ ತಾವೂ ಮೆರವಣಿಗೆಯ ಬಾಲಕ್ಕೆ ಸೇರಿಕೊಂಡರು. ಬಯಲು ತುಂಬಿತು. ಗೋಡೆಯ ಮೇಲೂ ಜನ ಕೂತರು.

ಹಮಿಸಿಯ ಮ್ಯಾನೇಜರ್ ಬಂದು ಟಿಕೆಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಮತ್ತೆ ಮುಚ್ಚಿದ. ತುಂಬಿದ ಬಯಲನ್ನೊಮ್ಮೆ ನೋಡಿದ. "ಹಿರಿಯರೇ, ನಮ್ಮೂರಲ್ಲಿ ಇದರ ಕಾಲುಭಾಗ ಜನ ಬರಲ್ಲ," ಅಂದ ನನಗೆ. "ಬಂದವರು ಮಾತ್ರ ದುಡ್ಡು ಕೊಟ್ಟು ಬರ್ತಾರೆ." ಹಮಿಸಿಯ ಗ್ಲೌಸಿನ ದಾರ ಬಿಚ್ಚತೊಡಗಿದ.

ನಾನು ರಿಂಗು ಹತ್ತಿ ನಿಂತೆ. ಎಂದೂ ಜನರ ಮುಂದೆ ಮಾತಾಡಿದವನಲ್ಲ. "ತಲೆಗೆ ಎರಡೆರಡು ಸೆಡಿ ಕೊಡ್ರಪ್ಪಾ. ಇಲ್ಲಾಂದ್ರೆ ಹುಡುಗನಿಗೆ ಪಟ್ಟ ತಪ್ಪುತ್ತೆ," ಅಂದೆ.

"ನಾಳೆ ಕೊಡ್ತೀನಿ ಅಟಾ."

"ದೋಣಿ ಬಂದ್ಮೇಲೆ ಮೀನು ಕೊಡ್ತೀನಿ."

"ಮೊದ್ಲು ಹೊಡೀಲಿ, ಆಮೇಲ್ ನೋಡೋಣ."

ಒಬ್ಬರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಕೆಲವರು ಸೊಂಟದ ಗಂಟು ಬಿಚ್ಚಿ ಕೊಟ್ಟರು. ಹಿಡಿಯಷ್ಟು ಚಿಲ್ಲರೆಯಾಯಿತು. ಹಮಿಸಿ ಅಷ್ಟರಲ್ಲಿ ಅಂಗಿ ತೊಟ್ಟಿದ್ದ.

ಒಡಾರ್ಟೆ ಒಬ್ಬನೇ ರಿಂಗಿನ ನಡುವೆ ನಿಂತು ಗಾಳಿಗೆ ನಾಲ್ಕು ಗುದ್ದು ಹೊಡೆದು ತೋರಿಸಿದ. ಚಪ್ಪಾಳೆ ಕೂಡದೆಂದು ಜನ ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದರು. ಬಯಲು ತುಂಬ ಬೆರಳು. ಅವನು ಹಗ್ಗ ಎತ್ತಿ ಕೆಳಗಿಳಿದು ಬಂದು ನನ್ನ ಮುಂದೆ ಕೈ ಚಾಚಿದ. ನಾನು ಪಟ್ಟಿ ಬಿಚ್ಚಿದೆ.

"ಹ್ಯಾಂಬರ್ಗಿಗೆ ಹೂಂ ಅಂದ್ಬಿಡ್ತೀನಿ ಅಟಾ," ಅಂದ.

"ಇನ್ನೊಂದು ಸಲ ನೋಡೋಣ ಕಣಪ್ಪಾ."

"ಇನ್ನೊಂದು ಸಲ ಡೋಲೂ ಇರುತ್ತೆ."

ಬಿಚ್ಚಿದ ಪಟ್ಟಿಯನ್ನು ಸುರುಳಿ ಸುತ್ತಿ ಜೇಬಿಗಿಟ್ಟುಕೊಂಡೆ.

ಅವನು ಹೊರಡುವ ದಿನ ಕೇರಿಯವರು ಚೀಲ ತುಂಬ ಕೆಂಕೆ, ಹುರಿದ ಮೀನು, ಖಾರ ತುಂಬಿಸಿದರು. ಹೊರಲಾರದಷ್ಟು. ಆ ಹೊತ್ತಿಗೆ ಮೌನದ ತಿಂಗಳು ಮುಗಿದಿತ್ತು. ಡೋಲು ಬಡಿದೇ ಕಳಿಸಿದರು.

ಹ್ಯಾಂಬರ್ಗಿನ ಕಾಳಗದ ದಿನ ಸಾರಾಯಿ ಅಂಗಡಿಯ ಅಡೋಟೆ ತನ್ನ ಹಿತ್ತಿಲಲ್ಲಿ ದೊಡ್ಡ ಟಿವಿ ಇಟ್ಟು, ಬಾಗಿಲಿಗೆ ಬೆಂಚು ಅಡ್ಡ ಹಾಕಿ, ತಲೆಗೆ ಐದು ಸೆಡಿ ಅಂದ. ಬೀದಿಯ ಮೂಲೆಯ ತನಕ ಸಾಲು. ಆವೋ ಶೋರ್ಮೆ ಮುಂದೆಯೇ ನಿಂತು ಸೆರಗಿನ ಗಂಟು ಬಿಚ್ಚುತ್ತಿದ್ದಳು.

"ಇಲ್ಲಿ ಕೊಡ್ತೀಯಲ್ಲ ಆವೋ?" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಒಡಾರ್ಟೆ ನಮ್ಮನೆ ಹುಡ್ಗ ಅಟಾ. ಟಿವಿ ನಮ್ಮನೇದಾ?"

ನನ್ನ ಸರದಿ ಬಂದಾಗ ಅಡೋಟೆ ಬೆಂಚು ಸರಿಸಿ, "ನಿಮ್ಮತ್ರ ಇಸ್ಕೊಳ್ತೀನಾ? ನಿಮ್ ಹುಡ್ಗ. ಹಾಗೇ ಬನ್ನಿ," ಅಂದ. ನಾನು ನೋಟನ್ನು ಅವನ ಅಂಗೈಗೆ ಒತ್ತಿ, ಬೆರಳು ಮಡಿಸಿ, ಒಳಗೆ ಹೋದೆ.

ನಾಲ್ಕನೆಯ ಸುತ್ತಿನಲ್ಲಿ ಒಡಾರ್ಟೆಯ ಎಡಗೈ ಸರಿಯಾಗಿ ಬಿತ್ತು. ಹಿತ್ತಿಲಿಗೆ ಹಿತ್ತಿಲೇ ಎದ್ದು ನಿಂತಿತು, ಡೋಲು ಬಡಿಯಿತು. ಕಡೆಗೆ ಗೆದ್ದನೆಂದು ರೆಫರಿ ಕೈ ಎತ್ತಿದ್ದು ಅವರ ಹುಡುಗನದೇ. "ಮೋಸ, ಮೋಸ," ಎಂದು ಜನ ಗೊಣಗುತ್ತ ಚದುರಿದರು. ನಾನು ಟಿವಿಯನ್ನೇ ನೋಡುತ್ತ ಕೂತಿದ್ದೆ. ಒಡಾರ್ಟೆ ಹಗ್ಗ ಎತ್ತಿ ಇಳಿದು ಹೋಗುತ್ತಿದ್ದ. ಅವನ ಪಕ್ಕದಲ್ಲೇ ಮುಂದಿನ ಮೇಜಿನ ಕೋಟಿನವನೊಬ್ಬ, ರಿಂಗಿಗೆ ಬೆನ್ನು ಮಾಡಿ, ತಟ್ಟೆಯಲ್ಲಿದ್ದದ್ದನ್ನು ಮುಗಿಸುತ್ತಿದ್ದ.